ಎರಡು ಗಂಟಿನ ಶೀಟು

ಮಾರ್ಚ್ 3, ಸೋಮವಾರ

ಈ ಪುಸ್ತಕ ನಮ್ಮವರು ತಂದುಕೊಟ್ಟದ್ದು. "ನೋಡೇ, ದಿನವಿಡೀ ಬಸ್ಸು ಓಡಿಸಿ, ಹತ್ತೋರ ಇಳಿಯೋರ ಬೈಗುಳ ಎಲ್ಲಾ ತಿಂದು ಬಂದಿರ್ತೀನಿ. ಮನೆಗೆ ಬಂದ್ರೆ ನೀನು ಶುರು ಮಾಡ್ತೀಯ. ಬೈಯೋದಿದ್ರೆ ಇದರಲ್ಲಿ ಬರಿ. ಇದು ತಿರುಗಿ ಮಾತಾಡಲ್ಲ" ಅಂದರು. ಸರಿ, ಬರೆಯುತ್ತೇನೆ. ಪುಸ್ತಕ ತೆಳ್ಳಗಿದೆ, ನನ್ನ ಸಿಟ್ಟಿಗೆ ಸಾಲುವುದಿಲ್ಲ.

ಒಂದೂರಲ್ಲಿ ಒಂದು ಲಾಂಡ್ರಿ ಇತ್ತಂತೆ. ಅಲ್ಲಿ ಮೂರು ಆಸ್ಪತ್ರೆಗಳ ಶೀಟು, ದಿಂಬಿನ ಚೀಲ, ಡಾಕ್ಟರುಗಳ ಹಸಿರು ಅಂಗಿ ಎಲ್ಲ ಒಗೆಯುತ್ತಿದ್ದರಂತೆ. ಅಲ್ಲಿ ಒಬ್ಬ ಹೆಂಗಸು ಹತ್ತೊಂಬತ್ತು ವರ್ಷ ದುಡಿದಳಂತೆ. ಮೊದಲು ಮೇಜಿನ ಮುಂದೆ ನಿಂತು ಕೊಳಕು ಬಟ್ಟೆ ವಿಂಗಡಿಸಿದಳು, ಆಮೇಲೆ ಮೇಲ್ವಿಚಾರಕಿಯಾದಳು. ಹಳೇ ಮ್ಯಾನೇಜರು ನಿವೃತ್ತರಾದಾಗ ಆ ಕುರ್ಚಿ ಇವಳದೇ ಅಂತ ಎಲ್ಲರೂ ಅಂದರಂತೆ. ಅವಳೂ ನಂಬಿ, ಈವತ್ತು ಹೊಸ ಚಪ್ಪಲಿ ಹಾಕಿಕೊಂಡು ಹೋದಳಂತೆ.

ಆ ಹೆಂಗಸು ನಾನೇ. ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿದೆ.

ಹತ್ತು ಗಂಟೆಗೆ ಮಾಲೀಕರು ಒಬ್ಬ ಹುಡುಗಿಯನ್ನು ಕರೆದುಕೊಂಡು ಬಂದರು. "ಇವರು ನಮ್ಮ ಹೊಸ ಮ್ಯಾನೇಜರು. ಎಂಬಿಎ ಮಾಡಿದಾರೆ." ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಕೈಯಲ್ಲೊಂದು ದೊಡ್ಡ ಗಡಿಯಾರ. ಮೂಗಿಗೆ ಕರ್ಚೀಫು ಒತ್ತಿಕೊಂಡಿದ್ದಳು. ಆಸ್ಪತ್ರೆಯ ಕೊಳಕು ಬಟ್ಟೆಯ ವಾಸನೆ ತಡೆಯಲಾರದವಳು ಇಲ್ಲಿ ಏನು ಮಾಡುತ್ತಾಳೆ? ನಾನು ಮನಸ್ಸಿನಲ್ಲೇ ಹೆಸರಿಟ್ಟೆ: ಡಿಗ್ರಿಯಮ್ಮ.

ಮಾರ್ಚ್ 5, ಬುಧವಾರ

ಮಾಲೀಕರನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದೆ, ನನಗೇನು ಕಡಿಮೆ ಅಂತ.

"ನಿನಗೇನೂ ಕಡಿಮೆ ಇಲ್ಲಮ್ಮ. ದೊಡ್ಡಾಸ್ಪತ್ರೆಯವರು ಹೊಸ ಕರಾರು ಪತ್ರ ಕಳಿಸಿದಾರೆ. ಅದರಲ್ಲಿ ಮ್ಯಾನೇಜರ್ ವಿದ್ಯಾರ್ಹತೆ ಅಂತ ಒಂದು ಕಾಲಂ ಇದೆ. ಅಲ್ಲಿ ನಾನು ಏನಂತ ಬರೀಲಿ? 'ಕೈ ಮುಟ್ಟಿ ನೋಡಿದ್ರೆ ಯಾವ ವಾರ್ಡಿನ ಶೀಟು ಅಂತ ಹೇಳ್ತಾಳೆ' ಅಂತ ಬರೀಲಾ?"

ನಗುತ್ತಾ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಒಂದು ಕಾಲಂ! ಬೆರಳಗಲದ ಖಾಲಿ ಜಾಗ! ಅದನ್ನು ತುಂಬಿಸುವುದಕ್ಕೆ ಎರಡು ವರ್ಷ ಕಾಲೇಜಿನಲ್ಲಿ ತಣ್ಣಗೆ ಕೂತು ಬಂದವಳು ಬೇಕು. ಹಬೆಯಲ್ಲಿ ಹತ್ತೊಂಬತ್ತು ವರ್ಷ ಬೆಂದವಳು ಬೇಡ.

ಮಾರ್ಚ್ 6, ಗುರುವಾರ

ಡಿಗ್ರಿಯಮ್ಮ ನನ್ನನ್ನು "ಅಕ್ಕಾ" ಅಂದಳು. "ನನಗೆ ತಂಗಿಯರಿಲ್ಲ ಮೇಡಂ" ಅಂದೆ. ವಿಂಗಡಿಸುವ ಮೇಜಿನ ಹೆಂಗಸರು ಶೀಟಿನ ಮರೆಯಲ್ಲಿ ನಕ್ಕರು. ಆಮೇಲಿಂದ ಅವಳು ನನ್ನನ್ನು "ನೀವು" ಅಂತ ಮಾತ್ರ ಅನ್ನುತ್ತಾಳೆ. ಒಳ್ಳೆಯದಾಯಿತು.

ಮಾರ್ಚ್ 14, ಶುಕ್ರವಾರ

ವಾರವೆಲ್ಲ ಅವಳು ಮಾಡಿದ್ದೇನು? ಯಂತ್ರದ ಪಕ್ಕ ನಿಂತು ಗಡಿಯಾರ ನೋಡಿ ಬರೆದುಕೊಂಡದ್ದು. ನೆನೆಸುವ ತೊಟ್ಟಿಯ ಸೋಪಿನಜ್ಜಿ ಕೇಳಿದಳು: "ಏನಮ್ಮಾ, ಯಂತ್ರಕ್ಕೆ ಹೆರಿಗೆ ನೋವು ಬಂದಿದೆಯಾ, ಹೊತ್ತು ಗುರುತು ಹಾಕ್ಕೊಳ್ತಾ ಇದೀಯಲ್ಲ?" ಅಜ್ಜಿ ಹಾಗೆಯೇ. ಅರವತ್ತು ದಾಟಿದೆ, ಕೈ ಚರ್ಮವೆಲ್ಲ ಸೋಪಿನಿಂದ ಬೆಳ್ಳಗಾಗಿದೆ. ಕಲೆ ಹತ್ತಿದ ಬಟ್ಟೆ ಅವಳ ತೊಟ್ಟಿಗೆ ಹೋಗಿ ಬಂದರೆ ಹೊಸದಾಗುತ್ತದೆ. ಮಾತು ಮಾತ್ರ ಸೋಪು ಹಾಕಿ ತೊಳೆದದ್ದಲ್ಲ.

ಡಿಗ್ರಿಯಮ್ಮ ಬಿದ್ದು ಬಿದ್ದು ನಕ್ಕಳು. ನಗಲಿ.

ಮಾರ್ಚ್ 19, ಬುಧವಾರ

ಮೂರನೇ ಒಣಗಿಸುವ ಯಂತ್ರ ದಿನಕ್ಕೆ ಎರಡು ಗಂಟೆ ಸುಮ್ಮನೆ ಬಾಯಿ ತೆರೆದುಕೊಂಡು ನಿಂತಿರುತ್ತದಂತೆ. ಹಸಿರು ಅಂಗಿಗಳನ್ನು ಬೆಳಗ್ಗೆಯೇ ಮೊದಲು ಹಾಕಿದರೆ ಆ ಖಾಲಿ ಹೊತ್ತು ತುಂಬುತ್ತದಂತೆ. ಡಿಗ್ರಿಯಮ್ಮ ಗೋಡೆಗೊಂದು ಚಿತ್ರ ಅಂಟಿಸಿ ತೋರಿಸಿದಳು. ಚೌಕ ಚೌಕ, ಬಣ್ಣ ಬಣ್ಣ.

ಹಾಗೆಯೇ ಮಾಡಿದೆವು. ಈವತ್ತು ಎಲ್ಲರೂ ಮುಕ್ಕಾಲು ಗಂಟೆ ಬೇಗ ಮನೆಗೆ ಹೋದರು.

ಕಾಕತಾಳೀಯ. ಬಟ್ಟೆ ಕಡಿಮೆ ಬಂದಿತ್ತು. (ಬಂದ ಮೂಟೆ ಎಣಿಸಿದೆ. ಕಡಿಮೆ ಇರಲಿಲ್ಲ. ಆದರೂ.)

ಮಾರ್ಚ್ 26, ಬುಧವಾರ

ಇದನ್ನು ವಿವರವಾಗಿ ಬರೆಯಬೇಕು, ಯಾಕೆಂದರೆ ಇದು ನನ್ನ ಗೆಲುವಿನ ದಿನ.

ನಮ್ಮಲ್ಲಿ ಗಂಟಿನ ಪದ್ಧತಿ ಇದೆ. ಕಟ್ಟಿದ್ದು ನಾನೇ, ಹದಿನೈದು ವರ್ಷದ ಹಿಂದೆ. ಮೇಜಿನ ಹೆಂಗಸರು ಮೂಟೆ ಬಿಚ್ಚಿ ಒಂದೊಂದೇ ಶೀಟು ನೋಡುತ್ತಾರೆ. ಕಲೆ ಇದ್ದರೆ ಮೂಲೆಗೆ ಒಂದು ಗಂಟು: ಅದು ಸೋಪಿನಜ್ಜಿಯ ತೊಟ್ಟಿಗೆ. ಒಳಗೆ ಚುಚ್ಚುವುದೇನಾದರೂ ಸಿಕ್ಕಿಕೊಂಡಿದ್ದರೆ ಎರಡು ಗಂಟು. ಆಸ್ಪತ್ರೆ ಬಟ್ಟೆಯಲ್ಲವೇ, ಅವಸರದಲ್ಲಿ ಇಂಜೆಕ್ಷನ್ ಸೂಜಿ, ಬ್ಲೇಡು ಎಲ್ಲ ಶೀಟಿನೊಳಗೆ ಸುತ್ತಿ ಬಂದುಬಿಡುತ್ತವೆ. ಎರಡು ಗಂಟಿನ ಶೀಟನ್ನು ಯಾರೂ ಬಿಚ್ಚುವಂತಿಲ್ಲ. ದಪ್ಪ ಗ್ಲೌಸು ಹಾಕಿಕೊಂಡು, ಇಕ್ಕಳ ಹಿಡಿದು ನಾನೇ ಬಿಚ್ಚಬೇಕು. ಇದು ಯಾವ ಕಾಗದದಲ್ಲೂ ಇಲ್ಲ. ನಮ್ಮ ಕೈಗಳಲ್ಲಿದೆ.

ಡಿಗ್ರಿಯಮ್ಮ ಈವತ್ತು ಒದ್ದೆ ಶೀಟೊಂದನ್ನು ಎತ್ತಿ ಹಿಡಿದು ಕೇಳಿದಳು, "ಈ ಗಂಟು ಯಾಕೆ?"

"ಕಲೆ ಇದೆ ಅಂತ ಗುರುತು."

"ಒಂದು ಬಿಚ್ಚೋಕೆ ನಲವತ್ತು ಸೆಕೆಂಡ್ ಹಿಡೀತು. ಒದ್ದೆಯಾದ್ರೆ ಇನ್ನೂ ಬಿಗಿಯುತ್ತೆ, ಒಳಗಿನ ಕೊಳೆ ಹೋಗಲ್ಲ, ಬಟ್ಟೆ ಹರಿಯುತ್ತೆ. ಗಂಟು ಬೇಡ. ಸೋಮವಾರದಿಂದ ಬಣ್ಣದ ಬುಟ್ಟಿ ಇಡೋಣ. ಕಲೆ ಇದ್ದದ್ದು ಕೆಂಪು ಬುಟ್ಟಿಗೆ, ಉಳಿದದ್ದು ನೀಲಿಗೆ. ಏನಂತೀರಿ?"

ಎರಡು ಗಂಟಿನ ವಿಷಯ ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಅವಳು ಕೇಳಿದ್ದಕ್ಕೆ ಉತ್ತರ ಹೇಳಿದ್ದೇನೆ. ಕೇಳದ್ದನ್ನು ನಾನ್ಯಾಕೆ ಹೇಳಲಿ? ಅಷ್ಟು ಓದಿದವಳಿಗೆ ಗೊತ್ತಿರಬೇಕಲ್ಲ!

ಏಪ್ರಿಲ್ ಹತ್ತಕ್ಕೆ ಮಾಲೀಕರ ಮುಂದೆ ತಿಂಗಳ ಸಭೆ. ಅಲ್ಲಿ ಎಲ್ಲರೆದುರು ಮೆಲ್ಲಗೆ ಕೇಳುತ್ತೇನೆ: "ಮೇಡಂ, ಸೂಜಿಗೆ ಯಾವ ಬಣ್ಣದ ಬುಟ್ಟಿ?" ಆಗ ಅವಳ ಮುಖ ನೋಡಬೇಕು.

ಮಾರ್ಚ್ 31, ಸೋಮವಾರ

ಬುಟ್ಟಿಗಳು ಬಂದವು. ಮೇಜಿನ ಹೆಂಗಸರು ನನ್ನನ್ನು ಮೂಲೆಗೆ ಕರೆದು ಕೇಳಿದರು, ಎರಡು ಗಂಟಿನದ್ದು ಎಲ್ಲಿಗೆ ಹಾಕೋದು ಅಂತ. "ಕೆಂಪಿಗೇ ಹಾಕಿ. ಮೇಲೆ ಇಡಿ, ನಾನು ನೋಡ್ಕೋತೀನಿ" ಅಂದೆ. ಸೋಪಿನಜ್ಜಿಯೂ ಅದನ್ನೇ ಕೇಳಿದಳು. "ಸುಮ್ನಿರಜ್ಜಿ, ಹತ್ತು ದಿನದ ಮಾತು" ಅಂದೆ.

ಏಪ್ರಿಲ್ 3, ಗುರುವಾರ

ನಾಲ್ಕು ದಿನದಲ್ಲಿ ಕೆಂಪು ಬುಟ್ಟಿಯಿಂದ ಐದು ಸೂಜಿ ತೆಗೆದೆ. ಬುಟ್ಟಿ ತೊಟ್ಟಿಗೆ ಹೋಗುವ ಮೊದಲು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೇನೆ. ಐದನ್ನೂ ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದೇನೆ. ಸಭೆಯಲ್ಲಿ ಮೇಜಿನ ಮೇಲೆ ಸುರಿಯುತ್ತೇನೆ.

ನಮ್ಮವರಿಗೆ ಹೇಳಿದೆ. ಅವರು ನಗಲಿಲ್ಲ. "ಬ್ರೇಕು ಕೆಟ್ಟಿದೆ ಅಂತ ಗೊತ್ತಿದ್ದೂ ಹೊಸ ಡ್ರೈವರಿಗೆ ಹೇಳದೆ ಬಸ್ಸು ಕೊಟ್ಟ ಹಾಗಾಯ್ತಲ್ಲೇ?"

"ಬ್ರೇಕಿನ ಮೇಲೆ ನನ್ನ ಕಾಲಿದೆ, ಸುಮ್ನಿರ್ರೀ."

ಏಪ್ರಿಲ್ 8, ಮಂಗಳವಾರ

ಸೋಪಿನಜ್ಜಿಗೆ ಸೂಜಿ ಚುಚ್ಚಿತು.

ಏಪ್ರಿಲ್ 9, ಬುಧವಾರ

ನಿನ್ನೆ ಹನ್ನೊಂದು ಗಂಟೆಗೆ ಡಿಗ್ರಿಯಮ್ಮ ನನ್ನನ್ನು ಆಫೀಸಿಗೆ ಕರೆದಳು. ಕಂಪ್ಯೂಟರಿನಲ್ಲಿ ಬಟ್ಟೆ ಲೆಕ್ಕ ಹಾಕುವುದನ್ನು ಕಲಿಸುತ್ತಾಳಂತೆ. ಕೆಂಪು ಬುಟ್ಟಿಯನ್ನು ನಾನಿನ್ನೂ ನೋಡಿರಲಿಲ್ಲ. "ಐದು ನಿಮಿಷ ತಡೀರಿ" ಅನ್ನಬಹುದಿತ್ತು. ಅನ್ನಲಿಲ್ಲ. ಅವಳೆದುರು 'ನನಗೆ ಬೇರೆ ಕೆಲಸವಿದೆ' ಅಂದರೆ, ಏನು ಕೆಲಸ ಅಂತ ಕೇಳುತ್ತಿದ್ದಳು. ಹೋಗಿ ಕೂತೆ. ಅವಳು ಕಲಿಸುವುದು ಚೆನ್ನಾಗಿಯೇ ಇತ್ತು. ಅರ್ಧ ಗಂಟೆ ಹೋದದ್ದೇ ಗೊತ್ತಾಗಲಿಲ್ಲ.

ಹೊರಗಿನಿಂದ ಅಜ್ಜಿಯ ಕೂಗು ಕೇಳಿತು. ಕೂಗಲ್ಲ, "ಹಾ" ಅಂತ ಒಂದೇ ಸಣ್ಣ ಉಸಿರು. ಆ ಯಂತ್ರಗಳ ಗದ್ದಲದಲ್ಲಿ ಅದು ನನಗೆ ಹೇಗೆ ಕೇಳಿತೋ ಗೊತ್ತಿಲ್ಲ.

ತೆಳು ಗ್ಲೌಸು ತೂರಿ ಹೆಬ್ಬೆರಳಿನ ಬುಡಕ್ಕೆ ಹೋಗಿತ್ತು. ಯಾವ ರೋಗಿಯ ಸೂಜಿಯೋ, ಏನಿತ್ತೋ ಆ ರಕ್ತದಲ್ಲಿ. ಡಿಗ್ರಿಯಮ್ಮ ಅಜ್ಜಿಯ ಕೈಯನ್ನು ನಲ್ಲಿ ಕೆಳಗೆ ಹಿಡಿದು ಹದಿನೈದು ನಿಮಿಷ ನಿಂತಳು, ಆಮೇಲೆ ತಾನೇ ಆಸ್ಪತ್ರೆಗೆ ಕರೆದುಕೊಂಡು ಓಡಿದಳು. ಮಾತ್ರೆ ಕೊಟ್ಟಿದ್ದಾರೆ. ಆರು ವಾರ ಕಳೆದು ಒಂದು ರಕ್ತಪರೀಕ್ಷೆ, ಮೂರು ತಿಂಗಳಿಗೆ ಇನ್ನೊಂದು. ಅಲ್ಲಿಯವರೆಗೆ ಏನೂ ಹೇಳಲಾಗುವುದಿಲ್ಲವಂತೆ.

ಗಂಟು ಬೇಡ ಅಂದವಳು ಯಾರು? ಅವಳು. ಬುಟ್ಟಿ ತಂದವಳು ಯಾರು? ಅವಳು. ಆ ಹೊತ್ತಿಗೆ ನನ್ನನ್ನು ಆಫೀಸಿಗೆ ಕರೆದವಳು ಯಾರು? ಅವಳು. ಮೂರಕ್ಕೂ ಅವಳೇ.

ಮೂರು ಸಲ ಬರೆದು, ಮೂರು ಸಲ ಓದಿದೆ.

ಏಪ್ರಿಲ್ 11, ಶುಕ್ರವಾರ

ನಿನ್ನೆಯ ಸಭೆ. ಸೂಜಿ ಡಬ್ಬಿ ನನ್ನ ಚೀಲದಲ್ಲೇ ಉಳಿಯಿತು.

ಮಾಲೀಕರು ಕೂಗಾಡಿದರು. "ಹದಿನೈದು ವರ್ಷ ಆಗದ್ದು ನೀವು ಬಂದು ಒಂದು ತಿಂಗಳಿಗೆ ಆಯ್ತು! ಇದೇನಾ ನಿಮ್ಮ ಓದು?"

ಎರಡು ಗಂಟು ಅಂದರೇನು ಅಂತ ಅಷ್ಟರಲ್ಲಿ ಡಿಗ್ರಿಯಮ್ಮನಿಗೆ ಯಾರೋ ಹೇಳಿದ್ದರು; ನಾನು ಬೇಕಂತ ಮುಚ್ಚಿಟ್ಟದ್ದು ಮಾತ್ರ ಗೊತ್ತಿರಲಿಲ್ಲ. ಅವಳು ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. "ತಪ್ಪು ನನ್ನದು ಸರ್. ಗಂಟು ಯಾಕೆ ಅಂತ ಕೇಳಿದೆ. ಎಷ್ಟು ಥರದ ಗಂಟಿದೆ ಅಂತ ಕೇಳಲಿಲ್ಲ. ಕೇಳಬೇಕಿತ್ತು" ಅಂದಳು.

ಮೇಜಿನ ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು. ಯಾರೂ ಬಾಯಿ ಬಿಡಲಿಲ್ಲ. ನನ್ನ ಮೇಲಿನ ಪ್ರೀತಿಯೋ ಭಯವೋ ತಿಳಿಯದು. ನಾನೂ ಬಾಯಿ ಬಿಡಲಿಲ್ಲ.

ಈ ತಿಂಗಳ ಕೊನೆಗೆ ಅವಳು ಹೋಗಬೇಕು ಅಂತ ತೀರ್ಮಾನವಾಯಿತು. ನಾನು ಬಯಸಿದ್ದು ಇದನ್ನೇ. ಆಗಿದೆ.

ಏಪ್ರಿಲ್ 15, ಮಂಗಳವಾರ

ಏನೂ ಬರೆಯುವಂಥದ್ದಿಲ್ಲ. ಊಟ ಸೇರುತ್ತಿಲ್ಲ. ಬಿಸಿಲು.

ಏಪ್ರಿಲ್ 21, ಸೋಮವಾರ

ಮಾಲೀಕರು ಕರೆದು ಕುರ್ಚಿ ತೋರಿಸಿದರು. "ಕೂತ್ಕೋ. ಮೇ ಒಂದರಿಂದ ನೀನೇ ನೋಡ್ಕೋ."

ಕೂತೆ. ಮೆತ್ತಗಿತ್ತು. ಚಕ್ರ ಇದೆ, ಸ್ವಲ್ಪ ಹಿಂದಕ್ಕೆ ಸರಿಯುತ್ತದೆ.

"ಆಸ್ಪತ್ರೆ ಕಾಗದದಲ್ಲಿ ಮಾತ್ರ ನನ್ನ ಅಳಿಯನ ಹೆಸರಿರುತ್ತೆ. ಅವನೂ ಎಂಬಿಎ. ಅವನೇನು ಇಲ್ಲಿಗೆ ಬರಲ್ಲ, ನಿನಗೆ ತೊಂದರೆ ಕೊಡಲ್ಲ. ಕುರ್ಚಿ ನಿನ್ನದು, ಕಾಲಂ ಅವನದು. ಏನಂತೀಯ?"

ಅಳಿಯನನ್ನು ನೋಡಿದ್ದೇನೆ. ಒಮ್ಮೆ ಬಂದಿದ್ದ, ಕಾರಿನಿಂದ ಇಳಿಯಲೇ ಇಲ್ಲ. ಗಾಜು ಇಳಿಸಿ "ಇಷ್ಟೊಂದು ಹಬೆ ಯಾಕೆ?" ಅಂತ ಕೇಳಿ ಗಾಜು ಏರಿಸಿಕೊಂಡ. ಅವಳಾದರೂ ಮೊದಲ ದಿನ ಕರ್ಚೀಫು ಒತ್ತಿಕೊಂಡವಳು, ಎರಡನೇ ವಾರಕ್ಕೆ ಅದನ್ನು ಜೇಬಿನಲ್ಲಿಟ್ಟಳು. ಅವಳ ಡಿಗ್ರಿಯ ಹಿಂದೆ ಒಬ್ಬ ಹೆಣ್ಣುಮಗಳು ನಿಂತಿದ್ದಳು. ಇವನ ಡಿಗ್ರಿಯ ಹಿಂದೆ ನಾನು ನಿಲ್ಲಬೇಕು, ಅದೂ ಕಾಣಿಸದ ಹಾಗೆ.

ಅವಳನ್ನು ಹೊಗಳುತ್ತಿಲ್ಲ. ಅಳಿಯನನ್ನು ಬೈಯುತ್ತಿದ್ದೇನೆ.

ಏಪ್ರಿಲ್ 23, ಬುಧವಾರ

ಸೋಪಿನಜ್ಜಿಯ ಮನೆಗೆ ಹೋದೆ. ಒಂದೇ ಕೋಣೆ, ಒಂದು ಮಂಚ, ಕಿಟಕಿಯ ಮೇಲೆ ಸಾಲಾಗಿ ಮಾತ್ರೆ. ಮಾತ್ರೆಯಿಂದ ವಾಂತಿಯಾಗಿ ಅಜ್ಜಿ ಅರ್ಧವಾಗಿದ್ದಾಳೆ. ಬಾಯಿ ಮಾತ್ರ ಪೂರ್ತಿಯಾಗಿದೆ.

"ಬಾರೇ, ಮ್ಯಾನೇಜರಮ್ಮ. ಕುರ್ಚಿ ಮೆತ್ತಗಿದೆಯಂತಲ್ಲ?"

"ಯಾರು ಹೇಳಿದ್ರು?"

"ಆ ಹುಡುಗಿ. ದಿನಾ ಸಂಜೆ ಬಂದು ಹೋಗ್ತಾಳೆ. ಮಾತ್ರೆ ನುಂಗೋವರೆಗೂ ಎದ್ದು ಹೋಗಲ್ಲ, ಪೊಲೀಸಿನ ಥರ ಕೂತಿರ್ತಾಳೆ."

ನನಗೆ ಗೊತ್ತಿರಲಿಲ್ಲ. ಹದಿನೈದು ದಿನದಲ್ಲಿ ನಾನು ಬಂದದ್ದು ಇದೇ ಮೊದಲು.

ಅಜ್ಜಿ ಕಿಟಕಿ ಕಡೆ ನೋಡುತ್ತಾ ಹೇಳಿದಳು: "ಎರಡು ಗಂಟು ಹಾಕೋದು ನನಗೆ ಕಲಿಸಿದ್ದೇ ನೀನು. ಬುಟ್ಟಿ ಬಂದ ದಿನ ನಿನ್ನ ಕೇಳಿದೆ. ಸುಮ್ನಿರು ಅಂದೆ ನೀನು. ನಾನು ಸುಮ್ನಿದ್ದೆ."

"ಸಭೆಯಲ್ಲಿ ಇದನ್ಯಾಕೆ ಯಾರೂ ಹೇಳಲಿಲ್ಲಜ್ಜಿ? ನೀನಾದ್ರೂ ಹೇಳಿ ಕಳಿಸಬಹುದಿತ್ತು."

"ನೀನು ಹೇಳ್ತೀಯ ಅಂತ ಕಾದೆ."

ಬೈದಿದ್ದರೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಕೊಟ್ಟು ನನಗೆ ಅಭ್ಯಾಸವಿದೆ.

ಏಪ್ರಿಲ್ 24, ಗುರುವಾರ

ಆ ಅಳಿಯನ ಹೆಸರಿನ ಕೆಳಗೆ ದುಡಿಯಲು ನನಗೆ ಇಷ್ಟವಿಲ್ಲ. ಅದಕ್ಕೇ ಹೋದದ್ದು. ಬೇರೆ ಕಾರಣವಿಲ್ಲ.

ಮಾಲೀಕರ ಕೋಣೆಯಲ್ಲಿ ಅವಳೂ ಇದ್ದಳು, ಬೀಗದ ಕೈಗಳನ್ನು ಒಪ್ಪಿಸುತ್ತಿದ್ದಳು. ನಾನು ಸೂಜಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಸುರಿಯಲಿಲ್ಲ. "ಇದು ಏಪ್ರಿಲ್ ಮೂರರವರೆಗೆ ಕೆಂಪು ಬುಟ್ಟಿಯಲ್ಲಿ ಸಿಕ್ಕಿದ್ದು. ಎರಡು ಗಂಟು ಅಂದ್ರೆ ಸೂಜಿ ಅಂತ ನನಗೆ ಗೊತ್ತಿತ್ತು. ಇವರಿಗೆ ಬೇಕಂತಲೇ ಹೇಳಲಿಲ್ಲ. ಮೇಜಿನವರ ಬಾಯಿ ಮುಚ್ಚಿಸಿದ್ದೂ ನಾನೇ" ಅಂದೆ.

ಮಾಲೀಕರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

ಅವಳು ಥ್ಯಾಂಕ್ಸ್ ಹೇಳುತ್ತಾಳೆ ಅಂದುಕೊಂಡಿದ್ದೆನೋ ಏನೋ. ಅವಳ ಮುಖ ಕೆಂಪಗಾಯಿತು.

"ಐದು ಸೂಜಿ. ಐದು ಸಲ ಹೇಳೋ ಅವಕಾಶ ಇತ್ತು ನಿಮಗೆ! ನನ್ನ ಮೇಲೆ ಸಿಟ್ಟಿದ್ರೆ ನನ್ನ ಕುರ್ಚಿಗೆ ಸೂಜಿ ಇಡಬೇಕಿತ್ತು. ಅಜ್ಜಿ ಕೈ ಯಾಕೆ ಬೇಕಾಯ್ತು?"

"ನೀವು ಒಂದು ಮಾತು ಕೇಳಿದ್ರೆ..."

"ಕೇಳಿದ್ದೆ! ಏನಂತೀರಿ ಅಂತ ಕೇಳಿದ್ದೆ. ನಿಮ್ಮ ಮುಖ ನೋಡಿಕೊಂಡೇ ಕೇಳಿದ್ದೆ."

ಕೇಳಿದ್ದಳು. ಮನೆಗೆ ಬಂದು ಈ ಪುಸ್ತಕದ ಹಿಂದಿನ ಹಾಳೆ ತಿರುಗಿಸಿ ನೋಡಿದೆ. ನನ್ನ ಕೈಯಲ್ಲೇ ಬರೆದಿದ್ದೇನೆ: ಏನಂತೀರಿ?

ಮಾಲೀಕರು ಅವಳನ್ನು ಉಳಿಸಿಕೊಂಡರು. ನನ್ನನ್ನು ಏನು ಮಾಡಬೇಕು ಅನ್ನುವುದನ್ನು ಅವಳಿಗೇ ಬಿಟ್ಟರು. ಅವಳು ಯೋಚಿಸಲೂ ಇಲ್ಲ. "ಮೂರು ತಿಂಗಳು ವಿಂಗಡಿಸೋ ಮೇಜಿಗೆ. ಆಮೇಲೆ ನೋಡೋಣ."

ಹತ್ತೊಂಬತ್ತು ವರ್ಷ ಹತ್ತಿದ ಮೆಟ್ಟಿಲು, ಒಂದೇ ಮಾತಿಗೆ ಕೆಳಗೆ. ಪಿಶಾಚಿ. ಕಲ್ಲೆದೆಯವಳು. ಇನ್ನೂ ಏನೇನೋ ಬರೆಯಬೇಕೆಂದಿದ್ದೆ, ನಿದ್ದೆ ಬರುತ್ತಿದೆ. ಎಷ್ಟೋ ದಿನದ ಮೇಲೆ.

ಮೇ 20, ಮಂಗಳವಾರ

ಅಜ್ಜಿಯ ಮೊದಲ ಪರೀಕ್ಷೆ. ಏನೂ ಇಲ್ಲ. ಇನ್ನೊಂದು ಬಾಕಿ.

ಜೂನ್ 12, ಗುರುವಾರ

ಮೇಜಿನ ಕೆಲಸಕ್ಕೆ ಸೊಂಟ ಹಿಡಿದಿದೆ. ಬೈಯುವುದಕ್ಕೂ ಶಕ್ತಿ ಇಲ್ಲ. ಆದರೂ ಒಂದು ವಿಷಯ ಬರೆಯಬೇಕು.

ಈಗ ಮೇಜಿನ ಕೊನೆಯಲ್ಲಿ ಮುಚ್ಚಳವಿರುವ ಗಟ್ಟಿ ಹಳದಿ ಡಬ್ಬ ಇದೆ, ಸೂಜಿಗೆ. ಅದು ದೊಡ್ಡ ವಿಷಯವಲ್ಲ. ಅವಳು ದೊಡ್ಡಾಸ್ಪತ್ರೆಗೆ ಹೋಗಿ, ವಾರ್ಡು ವಾರ್ಡಿಗೂ ನಿಂತು, ಸೂಜಿ ಶೀಟಿಗೆ ಬರುವುದು ಎಲ್ಲಿಂದ ಅಂತ ನೋಡಿದ್ದಾಳೆ. ಎರಡನೇ ಮಹಡಿಯಲ್ಲಿ ಸೂಜಿ ಎಸೆಯುವ ಡಬ್ಬಿ ಬಾಗಿಲಾಚೆ ಇತ್ತಂತೆ. ನರ್ಸುಗಳು ಅಷ್ಟು ದೂರ ಹೋಗದೆ ಮಂಚದ ಮೇಲೆಯೇ ಬಿಡುತ್ತಿದ್ದರಂತೆ. ಡಬ್ಬಿಯನ್ನು ಮಂಚದ ಪಕ್ಕಕ್ಕೆ ಇಡಿಸಿದಳು. ವಾರಕ್ಕೆ ಎಂಟೊಂಬತ್ತು ಬರುತ್ತಿದ್ದದ್ದು ಈ ವಾರ ಒಂದು ಬಂತು.

ಹದಿನೈದು ವರ್ಷ ನಾನು ಸೂಜಿ ಹೆಕ್ಕಿದೆ. ಇಕ್ಕಳ ಹಿಡಿಯುವುದರಲ್ಲಿ ನನ್ನಂಥವಳಿಲ್ಲ ಅಂತ ಬೀಗಿದೆ. ಅದು ಬರುವುದಾದರೂ ಎಲ್ಲಿಂದ ಅಂತ ಹೋಗಿ ನೋಡಬೇಕೆಂದು ಒಂದು ದಿನವೂ ಹೊಳೆಯಲಿಲ್ಲ.

ತಡೆಯಲಾಗದೆ ಕೇಳಿಯೇಬಿಟ್ಟೆ. "ಇದನ್ನ ಕಾಲೇಜಲ್ಲಿ ಹೇಳಿಕೊಟ್ರಾ?"

"ಸೂಜಿ ವಿಷಯ ಹೇಳಿಕೊಡಲಿಲ್ಲ. ಎಲ್ಲಿಂದ ಶುರುವಾಯ್ತು ಅಂತ ಹಿಂದೆ ಹಿಂದೆ ಹೋಗಿ ನೋಡು ಅಂತ ಹೇಳಿಕೊಟ್ರು."

"ಅಷ್ಟಕ್ಕೆ ಎರಡು ವರ್ಷ ಬೇಕಾಯ್ತಾ?"

"ನಿಮಗೆ ಹದಿನೈದು ವರ್ಷಕ್ಕೂ ಆಗಲಿಲ್ಲವಲ್ಲ."

ನಾಲಿಗೆಯೋ ಚೂರಿಯೋ! ಮೇಜಿನ ಹೆಂಗಸರು ಶೀಟಿನ ಮರೆಯಲ್ಲಿ ನಕ್ಕರು. ಈ ಸಲ ನನ್ನನ್ನು ನೋಡಿ.

ಜೂನ್ 26, ಗುರುವಾರ

ಎಡಗಡೆ ನಿಂತವಳು ಮೂಟೆ ಬಿಚ್ಚಿ ಬಲಗಡೆಯವಳಿಗೆ ಕೊಡುವುದಕ್ಕಿಂತ, ಎದುರುಬದುರು ನಿಂತು ಶೀಟಿನ ಎರಡು ತುದಿ ಹಿಡಿದರೆ ಒಂದಕ್ಕೆ ಆರು ಸೆಕೆಂಡ್ ಉಳಿಯುತ್ತದೆ. ನಮ್ಮವರ ಹಳೇ ಗಡಿಯಾರ ಕಟ್ಟಿಕೊಂಡು ಹೋಗಿ ಅಳೆದೆ. ಸುಮ್ಮನೆ, ಹೊತ್ತು ಹೋಗದ್ದಕ್ಕೆ.

ನಮ್ಮವರು ಗಡಿಯಾರ ಹುಡುಕುತ್ತಿದ್ದರು. ನನ್ನ ಕೈ ನೋಡಿ ಏನೋ ಹೇಳಲು ಬಾಯಿ ತೆರೆದರು. "ಒಂದು ಮಾತಾಡಿದ್ರೆ ನೋಡಿ" ಅಂದೆ.

ಜುಲೈ 8, ಮಂಗಳವಾರ

ಇದನ್ನು ಹಿಂಬದಿಯ ರಟ್ಟಿನ ಒಳಮೈ ಮೇಲೆ ಬರೆಯುತ್ತಿದ್ದೇನೆ. ಯಾಕೆಂದು ಆಮೇಲೆ.

ಮಧ್ಯಾಹ್ನ ಫೋನು ಬಂತು. ಮೂರು ತಿಂಗಳ ಪರೀಕ್ಷೆ, ಅಜ್ಜಿಗೆ ಏನೂ ಇಲ್ಲ. ಅಜ್ಜಿ ಫೋನಿನಲ್ಲೇ ಕೂಗಿದಳು, "ಸೋಮವಾರ ಬರ್ತೀನಿ, ನನ್ನ ತೊಟ್ಟೀಲಿ ಯಾರಾದ್ರೂ ಕೈ ಹಾಕಿದ್ರೆ ನೋಡಿ!" ಮೇಜಿನ ಹೆಂಗಸರೆಲ್ಲ ಅತ್ತರು. ನನ್ನ ಕಣ್ಣಿಗೆ ಸೋಪಿನ ಪುಡಿ ಹೋಗಿತ್ತು.

ಊಟದ ಹೊತ್ತಿಗೆ ಅವಳು ಬಂದು ನನ್ನೆದುರು ಸ್ಟೂಲೆಳೆದು ಕೂತಳು. ಕೈಯಲ್ಲಿ ಸಣ್ಣ ನೋಟು ಪುಸ್ತಕ, ಪೆನ್ನು.

"ನನಗೆ ನಿಮ್ಮ ಮೇಲಿನ ಸಿಟ್ಟು ಹೋಗಿಲ್ಲ" ಅಂದಳು.

"ನನಗೂ ಹೋಗಿಲ್ಲ."

"ಸರಿ. ಗಂಟಿನ ಹಾಗೆ ಯಾವ ಕಾಗದದಲ್ಲೂ ಇಲ್ಲದ್ದು ಇಲ್ಲಿ ಇನ್ನೇನೇನಿದೆ? ನಾನು ಕೇಳೋಕೆ ಗೊತ್ತಾಗದೇ ಇರೋದನ್ನೂ ಹೇಳಿ."

ಊಟದ ಡಬ್ಬಿಯ ಮುಚ್ಚಳ ಹಾಕಿ ಒಂದೊಂದೇ ಹೇಳತೊಡಗಿದೆ. ಎರಡನೇ ಯಂತ್ರ ಮಳೆಗಾಲದಲ್ಲಿ ಯಾಕೆ ಎಡಕ್ಕೆ ವಾಲುತ್ತದೆ, ಅದನ್ನು ಹೇಗೆ ಸಮಾಧಾನಪಡಿಸಬೇಕು. ಮಕ್ಕಳ ವಾರ್ಡಿನ ಬಟ್ಟೆಗೆ ಯಾಕೆ ಎರಡು ಸಲ ನೀರು ಬಿಡುತ್ತೇವೆ. ಇಸ್ತ್ರಿ ರೋಲರಿನಿಂದ ಯಾವ ವಾಸನೆ ಬಂದರೆ ಓಡಿಹೋಗಿ ನಿಲ್ಲಿಸಬೇಕು. ಅವಳು ಬರೆದುಕೊಳ್ಳುತ್ತಾ ಹೋದಳು. ನಡುವೆ "ಇದು ಸುಳ್ಳು, ನಾನು ಅಳೆದಿದೀನಿ" ಅಂದಳು. ನಾನು "ಮಳೆಗಾಲದಲ್ಲಿ ಅಳೆದು ನೋಡಿ" ಅಂದೆ. ಮೂವತ್ತೆರಡನೆಯ ವಿಷಯಕ್ಕೆ ಅವಳ ಪುಸ್ತಕ ಮುಗಿಯಿತು.

"ನಾಳೆ ಮುಂದುವರಿಸೋಣ" ಅಂತ ಎದ್ದಳು.

ನಾಳೆಯವರೆಗೆ ಇಟ್ಟುಕೊಂಡರೆ ಏನಾಗುತ್ತದೆ ಅಂತ ನನಗೆ ಗೊತ್ತಿದೆ. "ಕೂತ್ಕೊಳ್ಳಿ" ಅಂದೆ. ಊಟದ ಚೀಲದಿಂದ ಈ ಪುಸ್ತಕ ತೆಗೆದೆ. ಅವಳಿಗೆ ಕಾಣದ ಹಾಗೆ ತಿರುಗಿಸಿ ಹಿಡಿದು, ಉಳಿದಿದ್ದ ಖಾಲಿ ಹಾಳೆಗಳನ್ನೆಲ್ಲ ಹರಿದು ಕೊಟ್ಟೆ. ಹನ್ನೊಂದು ಇದ್ದವು.

"ಈ ಕಡೆ ಇರೋದು ಏನು?" ಅಂದಳು, ಬರೆದ ಹಾಳೆಗಳ ಕಡೆ ಕಣ್ಣು ಹಾಕಿ.

"ನಿಮಗೆ ಬೇಕಾದದ್ದಲ್ಲ ಅದು. ಬರ್ಕೊಳ್ಳಿ, ಮೂವತ್ತಮೂರನೇದು."

ಹಾಳಾದವಳು, ಹನ್ನೊಂದನ್ನೂ ತುಂಬಿಸಿದಳು. ನನಗೆ ಬೈಯಲು ಒಂದೂ ಉಳಿಸಲಿಲ್ಲ.